ಶೇಡಿಗುಡ್ಡೆಯಿಂದ ಬಾಬುಗುಡ್ಡೆಗೆ

ನಲ್ಲೂರು, ಚನ್ನಗಿರಿ ಕಡೆಯ ನಾವು ಮಂಗಳೂರಿಗೆ ಹೋಗುವುದು ಆಸ್ಪತ್ರೆಗೆ, ಇಲ್ಲವೇ ಧರ್ಮಸ್ಥಳ, ಕಟೀಲು ಮುಗಿಸಿಕೊಂಡು ಸಮುದ್ರ ನೋಡಲಿಕ್ಕೆ. ಗಡಿಯಾರ ಗೋಪುರದ ಸಮೀಪದ ಪುರಭವನಕ್ಕೆ ಕುದ್ಮುಲ್ ರಂಗರಾವ್ ಹೆಸರಿಟ್ಟಿದ್ದಾರೆ. ಬಸ್ಸಿನ ಗಡಿಬಿಡಿಯಲ್ಲಿ ಅದನ್ನು ಓದುವವರು ಕಡಿಮೆ.

ಆ ರಂಗರಾಯರ ಕೆಲಸ ಎಂಥದ್ದೆಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. ಈ ಸೀಮೆಯಲ್ಲಿ ಒಂದು ಕಾಲಕ್ಕೆ ಗದ್ದೆಯಲ್ಲಿ ದುಡಿಯುವವರನ್ನೇ ಕೊಳ್ಳುತ್ತಿದ್ದರು, ಮಾರುತ್ತಿದ್ದರು. 1801ರಲ್ಲಿ ತುಳುನಾಡು ಸುತ್ತಿದ ಬ್ರಿಟಿಷ್ ಪ್ರವಾಸಿ ಬುಕಾನನ್ ಅದನ್ನು ಬರೆದಿಟ್ಟಿದ್ದಾನೆ. ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿದ್ದು 1843ರಲ್ಲಿ. ಅಮೆರಿಕದಲ್ಲಿ 1865ರಲ್ಲಿ ಸರ್ಕಾರವೇ ಒಂದು ಇಲಾಖೆ ತೆರೆದು, ಬಿಡುಗಡೆಯಾದ ಗುಲಾಮರ ಶಾಲೆಗಳಿಗೆ ನೆರವಾಯಿತು. ಇಲ್ಲಿ ಆಳುಗಳ ಮಕ್ಕಳನ್ನು ಕೇಳುವವರಿರಲಿಲ್ಲ. ಬಾಸೆಲ್ ಮಿಷನ್ ಶಾಲೆಗಳಿದ್ದವು, ನಿಜ. ಆದರೆ ದಲಿತ ಮಕ್ಕಳಿಗೆಂದೇ ರಂಗರಾಯರು ಉರ್ವ ಚಿಲಿಂಬಿಯಲ್ಲಿ ಶಾಲೆ ತೆರೆದದ್ದು 1892ರಲ್ಲಿ. ಕಾಯ್ದೆಗೂ ಶಾಲೆಗೂ ನಡುವೆ 49 ವರ್ಷ!

ಕಾಸರಗೋಡು ಸೀಮೆಯಲ್ಲಿ 1859ರಲ್ಲಿ ಹುಟ್ಟಿದ ಸಾರಸ್ವತ ಬ್ರಾಹ್ಮಣ ಇವರು, ವೃತ್ತಿಯಲ್ಲಿ ವಕೀಲರು. ಶಾಲೆ ತೆರೆದರೆ ಮೇಲ್ಜಾತಿಯ ಮೇಷ್ಟ್ರು ಬರಲೊಪ್ಪಲಿಲ್ಲ. ಕ್ರೈಸ್ತ ಶಿಕ್ಷಕರನ್ನು ಹುಡುಕಿ ತಂದರು. ಜಾತಿಯವರು ಬಹಿಷ್ಕಾರ ಹಾಕಿದರು. ಅದಕ್ಕಿಂತ ಕಠಿಣವಾದದ್ದು ಹಸಿವು. ಮಗು ಶಾಲೆಗೆ ಬಂದರೆ ಮನೆಗೆ ಬರುವ ಕೂಲಿ ನಿಲ್ಲುತ್ತಿತ್ತು. ರಾಯರಿಗೆ ಇದು ಅರ್ಥವಾಗಿತ್ತು. ಮಧ್ಯಾಹ್ನ ಊಟ ಹಾಕಿದರು, ಬಂದ ಮಗುವಿನ ಕೈಗೆ ದಿನಕ್ಕೆ ಎರಡು ಪೈಸೆಯನ್ನೂ ಕೊಡುತ್ತಿದ್ದರಂತೆ. ನನ್ನ ಲೆಕ್ಕದಲ್ಲಿ ಅವರ ದೊಡ್ಡ ಕೆಲಸ ಅದೇ, ಕಟ್ಟಡಗಳಲ್ಲ.

ಕೊಡಿಯಾಲಬೈಲಿನ ಶೇಡಿಗುಡ್ಡೆ ಏರಿದರೆ 1897ರಲ್ಲಿ ಅವರು ಕಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್‌ನ ನೆಲೆ. ಓದಿನ ಜೊತೆ ನೇಯ್ಗೆಯಂಥ ಕಸುಬನ್ನೂ ಮಿಷನ್ ಕಲಿಸಿತು. ಮುಲ್ಕಿ, ಉಡುಪಿಯವರೆಗೂ ಶಾಲೆಗಳು ಹಬ್ಬಿದವು. ಮಾತಿನಂತೆಯೇ ಮನೆಯಲ್ಲೂ ನಡೆದರು: ವಿಧವೆಯಾಗಿದ್ದ ಮಗಳು ರಾಧಾಬಾಯಿಯನ್ನು ಜಾತಿ ಮೀರಿ ಮದ್ರಾಸಿನ ಸುಬ್ಬರಾಯನ್ ಅವರಿಗೆ ಕೊಟ್ಟರು.

ಅತ್ತಾವರದ ಬಾಬುಗುಡ್ಡೆಯಲ್ಲಿ ರಾಯರ ಸಮಾಧಿಯಿದೆ. ತನ್ನ ಶಾಲೆಯ ಮಗುವೊಂದು ಓದಿ, ಕೆಲಸ ಹಿಡಿದು, ಕಾರಿನಲ್ಲಿ ಓಡಾಡಬೇಕು, ಆ ಕಾರಿನ ದೂಳು ತನ್ನ ತಲೆಗೆ ತಾಗಬೇಕು ಎಂಬುದು ಅವರ ಆಸೆಯಾಗಿತ್ತು. 1928ರ ಜನವರಿ 30ರಂದು ತೀರಿಕೊಂಡಾಗ, ಅವರ ಇಚ್ಛೆಯಂತೆ ಊರಿನ ತೋಟಿಗಳು ಹೆಣಕ್ಕೆ ಹೆಗಲು ಕೊಟ್ಟರು.

ರಾಯರು ಹೋದ ಮೇಲೂ ಆ ಕೆಲಸ ಮುಗಿಯಲಿಲ್ಲ. ಈ ಕರಾವಳಿಯ ಆದಿವಾಸಿಗಳಾದ ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಗೆ ಕಾನೂನಿನ ನಿಷೇಧ ಬಂದದ್ದು 2000ದಲ್ಲಿ. ನಮ್ಮ ಬಯಲುಸೀಮೆಯ ಜೀತಕ್ಕೂ 1975ರ ಸುಗ್ರೀವಾಜ್ಞೆಯೇ ಬೇಕಾಯಿತು. ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆ ಇಳಿದು ಮಂಗಳೂರಿಗೆ ಬರುವ ನಮ್ಮೂರಿನವರು, ಸಮುದ್ರಕ್ಕೆ ಹೊರಡುವ ಮೊದಲು ಬಾಬುಗುಡ್ಡೆಗೂ ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ.