ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಎದೆ ಡವಡವ: ಹಾರ್ಟ್ ಅಟ್ಯಾಕಾ, ಬರೀ ಭಯವಾ?

“ನಲವತ್ತೈದು ದಾಟಿದ ಹೆಂಗಸರಿಗೆ ರಾತ್ರಿ ಎದೆ ಜೋರಾಗಿ ಹೊಡೆದುಕೊಂಡರೆ ಅದು ಹಾರ್ಟ್ ಅಟ್ಯಾಕಿನ ಮುನ್ಸೂಚನೆ. ತಕ್ಷಣ ನಾಲಿಗೆ ಕೆಳಗೆ ಗುಳಿಗೆ ಇಡಿ. ಹತ್ತು ಜನರಿಗೆ ಕಳುಹಿಸಿ, ಒಂದು ಜೀವ ಉಳಿಸಿ.” ಈ ಧಾಟಿಯ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಇದಕ್ಕೆ ತದ್ವಿರುದ್ಧವಾದ ಮಾತು ವಾಟ್ಸ್‌ಆ್ಯಪಿಗಿಂತ ಮನೆಯ ಕಟ್ಟೆಯ ಮೇಲೆ ಹೆಚ್ಚು ಕೇಳುತ್ತದೆ: “ಆ ವಯಸ್ಸಿಗೆ ಎಲ್ಲಾರಿಗೂ ಹಂಗ ಆಗತೈತಿ, ಮನಸಿಗೆ ಹಚ್ಚಿಕೋಬ್ಯಾಡ.”

ಎರಡೂ ತಪ್ಪು. ಮುಟ್ಟು ನಿಲ್ಲುವ ಕಾಲದಲ್ಲಿ ಎದೆಬಡಿತ ಏರುವುದು ಬಹಳ ಸಾಮಾನ್ಯ, ಹೆಚ್ಚಿನ ಸಲ ಅಪಾಯಕಾರಿಯೂ ಅಲ್ಲ. ಆದರೆ ಅದು ಕಲ್ಪನೆಯಲ್ಲ, ದೇಹದಲ್ಲಿ ನಿಜವಾಗಿ ನಡೆಯುವ ಸಂಗತಿ. ಜೊತೆಗೆ, “ಇದು ವಯಸ್ಸಿನದೇ” ಎಂದು ಹೇಳುವ ಮೊದಲು ಮೂರ್ನಾಲ್ಕು ಸಣ್ಣ ಪರೀಕ್ಷೆ ಆಗಿರಲೇಬೇಕು. ಹೆದರಿಸುವ ಸಂದೇಶವೂ ಸಮಾಧಾನದ ಮಾತೂ ಬಿಟ್ಟುಬಿಡುವುದು ಈ ಪರೀಕ್ಷೆಗಳನ್ನೇ.

ಎದೆಯೊಳಗೆ ಏನು ನಡೆಯುತ್ತದೆ?

ಭಾರತದ ಹೆಣ್ಣುಮಕ್ಕಳಿಗೆ ಮುಟ್ಟು ಪೂರ್ತಿ ನಿಲ್ಲುವ ಸರಾಸರಿ ವಯಸ್ಸು ಸುಮಾರು 46-47. ಪಾಶ್ಚಾತ್ಯ ದೇಶಗಳಲ್ಲಿ ಇದು 51ರ ಆಸುಪಾಸು. ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ನಿಂತಿದೆ ಎಂದು ಲೆಕ್ಕ. ಆದರೆ ತೊಂದರೆ ಶುರುವಾಗುವುದು ಅದಕ್ಕೂ ಕೆಲವು ವರ್ಷ ಮೊದಲು, ಮುಟ್ಟು ಒಮ್ಮೆ ಬೇಗ ಒಮ್ಮೆ ತಡ ಎಂದು ಏರುಪೇರಾಗುವಾಗ. ಆಗ ಈಸ್ಟ್ರೋಜನ್ ಹಾರ್ಮೋನು ನಿಧಾನಕ್ಕೆ ಇಳಿಯುವುದಿಲ್ಲ, ಏರಿಳಿಯುತ್ತಾ ಇಳಿಯುತ್ತದೆ.

ಈ ಹಾರ್ಮೋನಿಗೂ ಮೆದುಳಿನಲ್ಲಿ ಮೈಶಾಖ ನೋಡಿಕೊಳ್ಳುವ ಭಾಗಕ್ಕೂ, ಹೃದಯದ ವೇಗ ಹೆಚ್ಚು-ಕಡಿಮೆ ಮಾಡುವ ನರಗಳಿಗೂ ನಂಟಿದೆ. ಹಾರ್ಮೋನು ಏರುಪೇರಾದಾಗ ಮೈಶಾಖದ ಲೆಕ್ಕ ತಪ್ಪುತ್ತದೆ. ಇದ್ದಕ್ಕಿದ್ದಂತೆ ಮುಖ, ಕುತ್ತಿಗೆ ಬಿಸಿಯೇರುತ್ತದೆ, ಬೆವರು ಕಿತ್ತುಬರುತ್ತದೆ. ಆ ಹೊತ್ತಿಗೆ ಹೃದಯದ ಬಡಿತ ನಿಮಿಷಕ್ಕೆ 8ರಿಂದ 16ರಷ್ಟು ಹೆಚ್ಚಬಹುದು. ಬಾಗಲಕೋಟೆ ಕಡೆಯ ಬೇಸಿಗೆಯಲ್ಲಿ, ರಾತ್ರಿ ಕರೆಂಟು ಹೋದಾಗ ಇದು ಇನ್ನಷ್ಟು ಕಾಡುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಇನ್ನೊಂದು ಬಗೆಯ ಬಡಿತವಿದೆ. ಒಂದು ಬಡಿತ ತಪ್ಪಿ, ಆಮೇಲೆ ‘ಧಡ್’ ಎಂದು ಜೋರಾಗಿ ಹೊಡೆದಂತೆ ಆಗುತ್ತದೆ. “ಎದಿ ಝಲ್ ಅಂತು” ಎನ್ನುವುದು ಹೆಚ್ಚಾಗಿ ಇದನ್ನೇ. ನಿಜದಲ್ಲಿ ಇಲ್ಲಿ ಬಡಿತ ತಪ್ಪಿರುವುದಿಲ್ಲ. ಒಂದು ಬಡಿತ ಹೊತ್ತಿಗಿಂತ ಮುಂಚೆ ಬಂದು, ನಂತರ ಹೃದಯ ಒಂದು ಕ್ಷಣ ಹೆಚ್ಚು ಬಿಡುವು ತೆಗೆದುಕೊಳ್ಳುತ್ತದೆ. ಆ ಬಿಡುವಿನಲ್ಲಿ ಹೆಚ್ಚು ರಕ್ತ ತುಂಬಿಕೊಳ್ಳುವುದರಿಂದ ಮುಂದಿನ ಬಡಿತ ಜೋರಾಗಿ ಅನ್ನಿಸುತ್ತದೆ. ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುವ ಹೃದಯದಲ್ಲಿ ಇಂಥ ಕೆಲವು ಬಡಿತಗಳು ಆರೋಗ್ಯವಂತರಲ್ಲೂ ಇರುತ್ತವೆ. ಹಗಲೆಲ್ಲ ಹೊಲ, ಮಗ್ಗ, ಅಡುಗೆ ಎಂಬ ಗದ್ದಲದಲ್ಲಿ ಅವು ಗೊತ್ತಾಗುವುದಿಲ್ಲ. ರಾತ್ರಿ ಎಡಮಗ್ಗುಲಿಗೆ ಮಲಗಿದಾಗ ಗೊತ್ತಾಗುತ್ತವೆ.

ಇದು ಎಷ್ಟು ಜನರಿಗೆ ಆಗುತ್ತದೆ? ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2021ರ ವಿಶ್ಲೇಷಣೆಯೊಂದರ ಪ್ರಕಾರ, ಮುಟ್ಟು ಏರುಪೇರಾಗುವ ಹಂತದಲ್ಲಿ ಶೇ 42ರವರೆಗೆ, ನಿಂತ ನಂತರ ಶೇ 54ರವರೆಗೆ ಮಹಿಳೆಯರು ಎದೆಬಡಿತದ ತೊಂದರೆ ಹೇಳಿಕೊಂಡಿದ್ದಾರೆ. ಎಲ್ಲ ಅಧ್ಯಯನಗಳಲ್ಲೂ ಇಷ್ಟೇ ಬಂದಿಲ್ಲ, ಇವು ಮೇಲ್ಮಿತಿ. ಆದರೂ ನಿಮ್ಮ ಓಣಿಯಲ್ಲಿ ಈ ವಯಸ್ಸಿನ ಹತ್ತು ಜನ ಕೂತರೆ ಅವರಲ್ಲಿ ಕೆಲವರಿಗಾದರೂ ಇದರ ಅನುಭವ ಇರುತ್ತದೆ. ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ ಅಷ್ಟೆ.

“ಮೊದಲು ಗಟ್ಟಿಗಿತ್ತಿ ಇದ್ದಳು, ಈಗ ಸಣ್ಣದಕ್ಕೂ ಹೆದರುತ್ತಾಳೆ”

ಮನೆಯವರು ಹೀಗೆ ಹೇಳುವುದರಲ್ಲಿ ಅರ್ಧ ಸತ್ಯವಿದೆ. ಅಮೆರಿಕದಲ್ಲಿ 1996ರಿಂದ ಮೂರು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ ‘ಸ್ವಾನ್’ ಎಂಬ ದೊಡ್ಡ ಅಧ್ಯಯನದಲ್ಲಿ ಇದು ಕಂಡಿದೆ. ಮೊದಲು ಹೆಚ್ಚು ಆತಂಕ ಇಲ್ಲದಿದ್ದವರಲ್ಲೂ ಮುಟ್ಟು ನಿಲ್ಲುವ ಹಂತಕ್ಕೆ ಬಂದಾಗ ತೀವ್ರ ಆತಂಕದ ಲಕ್ಷಣಗಳು ಹೆಚ್ಚಾದವು. ಅಂದರೆ ಧೈರ್ಯ ಕಡಿಮೆಯಾದದ್ದಲ್ಲ, ದೇಹದ ಹಂತ ಬದಲಾಗಿದೆ.

ಎದೆಬಡಿತ ಮತ್ತು ಆತಂಕ ಒಂದನ್ನೊಂದು ಎಳೆಯುತ್ತವೆ. ನಡುರಾತ್ರಿ ಬೆವರಿ ಎಚ್ಚರವಾಗುತ್ತದೆ, ಎದೆ ಓಡುತ್ತಿರುತ್ತದೆ. “ನನಗೇನೋ ಆಗ್ತಿದೆ” ಎಂಬ ವಿಚಾರ ಬರುತ್ತದೆ. ಆ ಭಯಕ್ಕೆ ದೇಹ ಅಡ್ರಿನಲಿನ್ ಬಿಡುತ್ತದೆ, ಬಡಿತ ಇನ್ನೂ ಏರುತ್ತದೆ, ಉಸಿರು ಮೇಲುಮೇಲಕ್ಕೆ ಆಡುತ್ತದೆ, ಕೈಬೆರಳು, ತುಟಿ ಜುಮ್ಮೆನ್ನುತ್ತವೆ. ಅದನ್ನು ನೋಡಿ ಭಯ ದುಪ್ಪಟ್ಟಾಗುತ್ತದೆ. ಇಂಥ ಗಾಬರಿಯ ಅಲೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. “ಗಾಳಿ ಸೋಕಿದೆ” ಎಂದು ತಾಯತ ಕಟ್ಟಿಸುವವರಿದ್ದಾರೆ. ದಾರದಿಂದ ತೊಂದರೆ ಏನಿಲ್ಲ, ಆದರೆ ಕಟ್ಟಿಸಿಕೊಂಡ ಸಮಾಧಾನದಲ್ಲಿ ರಕ್ತಪರೀಕ್ಷೆ ಆರು ತಿಂಗಳು ಮುಂದೆ ಹೋಗುತ್ತದೆ.

ಇಂಥ ರಾತ್ರಿ ಕೈಯಲ್ಲಿ ಫೋನು ಇದ್ದರೆ ಕಷ್ಟ ಹೆಚ್ಚು. 2025ರ ಜೂನ್ ನೆನಪಿಸಿಕೊಳ್ಳಿ. ಹಾಸನ ಜಿಲ್ಲೆಯಲ್ಲಿ ಸಾಲುಸಾಲು ಹೃದಯಾಘಾತ ಎಂಬ ಸುದ್ದಿ ರಾಜ್ಯವನ್ನೆಲ್ಲ ಸುತ್ತಿತು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ ಜುಲೈನಲ್ಲಿ ವರದಿ ಕೊಟ್ಟು, ಅಸಹಜ ಏರಿಕೆ ಇಲ್ಲ, ಕೋವಿಡ್ ಲಸಿಕೆಗೂ ಇದಕ್ಕೂ ನಂಟು ಕಂಡಿಲ್ಲ ಎಂದಿತು. ಭಯದ ಸಂದೇಶ ಹರಿದಾಡಿದಷ್ಟು ಈ ವರದಿ ಹರಿದಾಡಲಿಲ್ಲ.

ನಾಲಿಗೆ ಕೆಳಗಿನ ಗುಳಿಗೆ, ಜೋರಾದ ಕೆಮ್ಮು

ಡಿಸ್ಪ್ರಿನ್, ಸಾರ್ಬಿಟ್ರೇಟ್, ಕೊಲೆಸ್ಟರಾಲ್ ಗುಳಿಗೆ ಸೇರಿಸಿ “ಏಳು ರೂಪಾಯಿಯ ಜೀವರಕ್ಷಕ ಕಿಟ್” ಎಂದು ಹಂಚುವ ಸಂದೇಶ ಹಳೆಯದು. ಸಾರ್ಬಿಟ್ರೇಟ್ ರಕ್ತನಾಳಗಳನ್ನು ಸಡಿಲಿಸಿ ಬಿಪಿ ಇಳಿಸುತ್ತದೆ. ಬಿಪಿ ಇಳಿದದ್ದನ್ನು ಸರಿದೂಗಿಸಲು ಹೃದಯ ಇನ್ನೂ ಜೋರಾಗಿ ಓಡುತ್ತದೆ. ಅಂದರೆ ಬರೀ ಡವಡವ ಇದ್ದವರಿಗೆ ಈ ಗುಳಿಗೆ ಡವಡವ ಹೆಚ್ಚಿಸುತ್ತದೆ. ತಲೆಸಿಡಿತ, ತಲೆಸುತ್ತು ಬಂದು ಬಚ್ಚಲಿಗೆ ಹೋಗುವಾಗ ಬಿದ್ದರೆ ಸೊಂಟ ಮುರಿಯುತ್ತದೆ. ವೈದ್ಯರು ಬರೆದುಕೊಟ್ಟವರಿಗೆ ಮಾತ್ರ ಅದು ಔಷಧ.

“ಒಬ್ಬರೇ ಇದ್ದಾಗ ಜೋರಾಗಿ ಕೆಮ್ಮಿ ಹೃದಯಾಘಾತ ತಪ್ಪಿಸಿಕೊಳ್ಳಿ” ಎಂಬುದು 1999ರಿಂದ ಇಮೇಲ್ ಮೂಲಕ ಓಡಾಡುತ್ತಿರುವ ಸುಳ್ಳು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಇದನ್ನು ಶಿಫಾರಸು ಮಾಡುವುದಿಲ್ಲ.

ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಬೇಡಿ

ಈ ಲೇಖನದಲ್ಲಿ ಯಾವ ಭಾಗವನ್ನಾದರೂ ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ.

ನಮ್ಮ ಕಡೆ ಡವಡವಕ್ಕೆ ಬಹಳ ದೊಡ್ಡ ಕಾರಣ ರಕ್ತಹೀನತೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಜನರಿಗೆ ರಕ್ತಹೀನತೆ ಇದೆ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಅನೇಕರಿಗೆ ರಕ್ತಸ್ರಾವ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ, ಗಡ್ಡೆಗಡ್ಡೆಯಾಗಿ ಹೋಗುತ್ತದೆ. ಹಿಮೋಗ್ಲೋಬಿನ್ ಕಡಿಮೆಯಾದರೆ ಅಷ್ಟೇ ಆಮ್ಲಜನಕ ಸಾಗಿಸಲು ಹೃದಯ ಹೆಚ್ಚು ಸಲ ಬಡಿಯಬೇಕು. ಮೆಟ್ಟಿಲು ಹತ್ತಿದರೆ ಏದುಸಿರು, ಕಬ್ಬಿನ ಹೊಲದಲ್ಲಿ ನಾಲ್ಕು ಸಾಲು ಕಳೆ ತೆಗೆಯುವಷ್ಟರಲ್ಲಿ ಎದೆ ಬಡಿತ. ಇದಕ್ಕೆ ಬೇಕಿರುವುದು ಕಬ್ಬಿಣಾಂಶದ ಗುಳಿಗೆ ಮತ್ತು ರಕ್ತಸ್ರಾವದ ತಪಾಸಣೆ. “ವಯಸ್ಸು” ಎಂದು ಸುಮ್ಮನಾದರೆ ಆ ಹೆಣ್ಣುಮಗಳು ವರ್ಷಗಟ್ಟಲೆ ಸುಮ್ಮನೆ ನರಳುತ್ತಾಳೆ.

ಎರಡನೆಯದು ಥೈರಾಯ್ಡ್. ಅದು ಹೆಚ್ಚಾದರೆ ಎದೆಬಡಿತ, ಬೆವರು, ಕೈನಡುಕ, ನಿದ್ದೆಗೇಡು, ಗಾಬರಿ ಎಲ್ಲ ಬರುತ್ತವೆ. ಅಂದರೆ ಥೇಟ್ ಮೆನೋಪಾಸಿನ ವೇಷ. ಟಿಎಸ್‌ಎಚ್ ರಕ್ತಪರೀಕ್ಷೆಯಿಂದ ಗೊತ್ತಾಗುತ್ತದೆ. ಮೂರನೆಯದು ಹೃದಯದ ತಾಳವೇ ತಪ್ಪುವ ಕಾಯಿಲೆಗಳು. ಅವುಗಳಿಗೆ ಇಸಿಜಿ ಬೇಕು. ಇವುಗಳ ಜೊತೆ ಬಿಪಿ, ಸಕ್ಕರೆ ನೋಡಿಸಿದರೆ ಮೊದಲ ಸುತ್ತಿನ ಪರೀಕ್ಷೆ ಮುಗಿಯಿತು. ಮುಟ್ಟು ನಿಂತ ಮೇಲೆ ಕೆಟ್ಟ ಕೊಲೆಸ್ಟರಾಲ್ ಏರುವುದರಿಂದ ಹೃದ್ರೋಗದ ಅಪಾಯವೂ ಹೆಚ್ಚುತ್ತದೆ, ಹಾಗಾಗಿ ಈ ಪರೀಕ್ಷೆ ಹೇಗೂ ದಂಡವಾಗುವುದಿಲ್ಲ.

ಇಲ್ಲೊಂದು ಮಾತು ಸೇರಿಸಲೇಬೇಕು. 35-38ಕ್ಕೇ ಈ ಎಲ್ಲ ಲಕ್ಷಣ ಬಂದವರು ನಮ್ಮ ಭಾಗದಲ್ಲಿ ಕಡಿಮೆ ಇಲ್ಲ, ಏಕೆಂದರೆ ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಂಡವರಿದ್ದಾರೆ. ಕಲಬುರಗಿಯ ತಾಂಡಾಗಳಲ್ಲಿ, ಹಾವೇರಿ ಜಿಲ್ಲೆಯಲ್ಲಿ ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳ ವಿರುದ್ಧ ಮಹಿಳೆಯರು ಬೀದಿಗಿಳಿದಿದ್ದರು. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಮಹಿಳೆಯರ ಸ್ಥಿತಿ ದೇಶದ ಸುದ್ದಿಯಾಯಿತು. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದಿದ್ದರೆ ಹಾರ್ಮೋನು ಒಂದೇ ದಿನದಲ್ಲಿ ಕುಸಿಯುತ್ತದೆ. ಡವಡವ, ಬಿಸಿಯೇರುವಿಕೆ ಅಷ್ಟೇ ತೀವ್ರವಾಗಿರುತ್ತದೆ. ಆಪರೇಷನ್ ಆಗಿರುವವರು ಡಿಸ್ಚಾರ್ಜ್ ಚೀಟಿ ಹುಡುಕಿ ಅಂಡಾಶಯ ಉಳಿಸಿದ್ದಾರೋ ಇಲ್ಲವೋ ನೋಡಿಸಿ, ವೈದ್ಯರಿಗೆ ತೋರಿಸಿ.

ಯಾವಾಗ ಓಡಬೇಕು?

ಬಡಿತದ ಜೊತೆ ಎದೆಯ ಮೇಲೆ ಕಲ್ಲು ಹೇರಿದಂಥ ಭಾರ, ಎಡಗೈ, ದವಡೆ ಅಥವಾ ಬೆನ್ನಿಗೆ ಹರಿಯುವ ನೋವು, ಕೂತರೂ ನಿಲ್ಲದ ಏದುಸಿರು, ಕಣ್ಣು ಕತ್ತಲೆಗಟ್ಟಿ ಬೀಳುವುದು ಇದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಕೆಲಸ ಮಾಡುವಾಗಲೇ ಬಡಿತ ಏರಿ ತಲೆ ತಿರುಗಿದರೆ, ಸುಮ್ಮನೆ ಕೂತಿದ್ದಾಗಲೂ ನಾಡಿ 120 ದಾಟಿ ಇಳಿಯದಿದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನವರು ಹಠಾತ್ತಾಗಿ ತೀರಿಕೊಂಡಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಮಹಿಳೆಯರಲ್ಲಿ ಹೃದಯಾಘಾತ ಸಿನಿಮಾದಲ್ಲಿ ತೋರಿಸಿದ ಹಾಗೆ ಎದೆ ಹಿಡಿದುಕೊಂಡು ಬೀಳುವಂತೆಯೇ ಬರಬೇಕೆಂದಿಲ್ಲ. ವಾಕರಿಕೆ, ವಿಪರೀತ ಸುಸ್ತು, ತಣ್ಣನೆಯ ಬೆವರಾಗಿಯೂ ಬರಬಹುದು. ಅದನ್ನು “ಗ್ಯಾಸ್” ಎಂದು ಸೋಡಾ ಕುಡಿಸಿ ಮಲಗಿಸುವುದರಿಂದ ಹೊತ್ತು ಕಳೆದುಹೋಗುತ್ತದೆ.

ಅನಗವಾಡಿಯವರಿಗೆ ಒಂದು ಕಡೆ ಬೀಳಗಿ ತಾಲೂಕು ಆಸ್ಪತ್ರೆ, ಘಟಪ್ರಭಾ ಸೇತುವೆ ದಾಟಿದರೆ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆ. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೂರದ ತಜ್ಞರಿಗೆ ತೋರಿಸುವ, ತೀವ್ರ ಹೃದಯಾಘಾತವಾಗಿದ್ದರೆ ರಕ್ತ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಈ ಔಷಧ ಎಷ್ಟು ಬೇಗ ಸಿಕ್ಕರೆ ಅಷ್ಟು ಕೆಲಸ ಮಾಡುತ್ತದೆ.

ಪರೀಕ್ಷೆ ಎಲ್ಲ ಸರಿ ಇದೆ, ಡವಡವ ಮಾತ್ರ ನಿಂತಿಲ್ಲ

ಹೆಚ್ಚಿನವರು ಬಂದು ನಿಲ್ಲುವುದು ಇಲ್ಲೇ. “ರಿಪೋರ್ಟ್ ನಾರ್ಮಲ್” ಎಂದರೆ “ನಿನಗೇನೂ ಆಗಿಲ್ಲ” ಎಂದರ್ಥವಲ್ಲ. ಹೃದಯಕ್ಕೆ ಅಪಾಯವಿಲ್ಲ ಎಂದಷ್ಟೇ ಅರ್ಥ.

ಮೊದಲು ನಾಡಿ ಎಣಿಸಲು ಕಲಿಯಿರಿ. ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಫೋನಿನ ಗಡಿಯಾರ ನೋಡಿ 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ತಾಳ ಒಂದೇ ಸಮ ಇದೆಯೋ, ಎರ್ರಾಬಿರ್ರಿ ಇದೆಯೋ ಗಮನಿಸಿ. ದಿನಾಂಕ, ಹೊತ್ತು, ನಾಡಿ, ಎಷ್ಟು ನಿಮಿಷ ಇತ್ತು, ಮುಂಚೆ ಏನು ತಿಂದು-ಕುಡಿದಿರಿ ಎಂದು ಬರೆದಿಡಿ. ಬರೆಯಲು ಬರದಿದ್ದರೆ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ. ಬಡಿತ ಬಂದುಹೋದ ಮೇಲೆ ತೆಗೆದ ಇಸಿಜಿಯಲ್ಲಿ ಏನೂ ಸಿಗದೇ ಇರಬಹುದು, ಆಗ ವೈದ್ಯರಿಗೆ ನಿಮ್ಮ ಈ ಟಿಪ್ಪಣಿಯೇ ದಾರಿ. ಬೇಕಾದರೆ ಅವರು 24 ಗಂಟೆ ದಾಖಲಿಸುವ ಹೋಲ್ಟರ್ ಯಂತ್ರ ಕಟ್ಟುತ್ತಾರೆ.

ಬಡಿತ ಏರಿದಾಗ ಎದ್ದು ಕೂತು, ಮೂಗಿನಿಂದ ನಿಧಾನ ಉಸಿರೆಳೆದು, ಅದಕ್ಕಿಂತ ನಿಧಾನವಾಗಿ ಬಾಯಿಂದ ಬಿಡಿ. ನಿಮಿಷಕ್ಕೆ ಆರೇಳು ಉಸಿರು ಸಾಕು. ಉಸಿರು ಬಿಡುವ ಹೊತ್ತು ಉದ್ದವಾದಷ್ಟೂ ಹೃದಯ ನಿಧಾನಿಸುತ್ತದೆ.

ಇನ್ನು ಚಹಾ. ಹೊಲಕ್ಕೆ ಹೋಗುವ ಮುಂಚೆ, ಬಂದ ಮೇಲೆ, ಬಂದವರ ಜೊತೆ ಎಂದು ದಿನಕ್ಕೆ ಏಳೆಂಟು ಕಪ್ಪು ಆಗುತ್ತದೆ. ಸಂಜೆ ನಂತರದ್ದನ್ನು ಬಿಟ್ಟು ಎರಡು ವಾರ ನೋಡಿ. ಇದಕ್ಕಿಂತ ಗಂಭೀರವಾದದ್ದು ಮಿಶ್ರಿ ಮತ್ತು ಎಲೆ-ಅಡಿಕೆ ಜೊತೆಗಿನ ತಂಬಾಕು. ಹೆಂಗಸರು ವೈದ್ಯರ ಮುಂದೆ ಹೇಳಲು ನಾಚುತ್ತಾರೆ, ವೈದ್ಯರೂ ಕೇಳುವುದಿಲ್ಲ. ಹಲ್ಲಿಗೆ ತಿಕ್ಕುವ ಮಿಶ್ರಿಯಲ್ಲಿರುವುದು ಸುಟ್ಟ ತಂಬಾಕು. ಅದರ ನಿಕೋಟಿನ್ ಒಸಡಿನಿಂದ ನೇರ ರಕ್ತಕ್ಕೆ ಸೇರಿ ಬಡಿತ ಏರಿಸುತ್ತದೆ. ಬೆಳಿಗ್ಗೆ ಮಿಶ್ರಿ ಹಚ್ಚಿದ ಸ್ವಲ್ಪ ಹೊತ್ತಿಗೆ ಎದೆ ಓಡುತ್ತದೆ ಎನ್ನುವವರು ಮೊದಲು ಅದನ್ನೇ ಅನುಮಾನಿಸಬೇಕು.

ಔಷಧಗಳೂ ಇವೆ. ಬಿಸಿಯೇರುವಿಕೆ, ರಾತ್ರಿ ಬೆವರು ತೀವ್ರವಾಗಿದ್ದರೆ ಹಾರ್ಮೋನು ಚಿಕಿತ್ಸೆ ಅತ್ಯಂತ ಪರಿಣಾಮಕಾರಿ, ಅವು ತಗ್ಗಿದರೆ ಜೊತೆಗಿನ ಡವಡವವೂ ತಗ್ಗಬಹುದು. 2002ರಲ್ಲಿ ಅಮೆರಿಕದ ಒಂದು ದೊಡ್ಡ ಪ್ರಯೋಗ ಅರ್ಧಕ್ಕೆ ನಿಂತಾಗ ಇದರ ಮೇಲೆ ಜಗತ್ತಿನಾದ್ಯಂತ ಭಯ ಹುಟ್ಟಿತು. ಅದರಲ್ಲಿದ್ದ ಮಹಿಳೆಯರ ಸರಾಸರಿ ವಯಸ್ಸು 63 ಎಂಬುದು ಆ ಭಯದಲ್ಲಿ ಮರೆತುಹೋಯಿತು. 60ರೊಳಗೆ ಅಥವಾ ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರು ಮಾಡಿದರೆ ಅನೇಕರಿಗೆ ಲಾಭವೇ ಹೆಚ್ಚು ಎಂಬುದು ಈಗಿನ ತಜ್ಞರ ಅಭಿಪ್ರಾಯ. ಆದರೆ ಸ್ತನ ಕ್ಯಾನ್ಸರ್ ಆದವರು, ರಕ್ತ ಹೆಪ್ಪುಗಟ್ಟುವ ತೊಂದರೆ, ಪಾರ್ಶ್ವವಾಯು, ಹೃದಯಾಘಾತ ಆದವರಿಗೆ ಇದು ಸಾಮಾನ್ಯವಾಗಿ ಸಲ್ಲದು. ಸ್ತ್ರೀರೋಗ ತಜ್ಞರೇ ನಿರ್ಧರಿಸಬೇಕು. ಆತಂಕಕ್ಕೆ ಮಾತಿನ ಚಿಕಿತ್ಸೆಯೂ ಗುಳಿಗೆಗಳೂ ಇವೆ. ಔಷಧದ ಅಂಗಡಿಯಲ್ಲಿ ಚೀಟಿ ಇಲ್ಲದೆ ಕೊಡುವ “ನಿದ್ದೆ ಗುಳಿಗೆ” ಮಾತ್ರ ಬೇಡ, ಕೆಲವೇ ವಾರಗಳಲ್ಲಿ ಅದು ಚಟವಾಗಬಹುದು. ಪಕ್ಕದ ಮನೆಯವರಿಗೆ ಕೊಟ್ಟ ಬಡಿತ ಇಳಿಸುವ ಗುಳಿಗೆಯೂ ಬೇಡ, ಅಸ್ತಮಾ ಇದ್ದವರಿಗೆ ಅದರಿಂದ ಉಸಿರು ಕಟ್ಟಬಹುದು.

ಮಾತಾಡಲು ಯಾರೂ ಇಲ್ಲದ ರಾತ್ರಿ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ ಇದು. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಹೋಗುವಾಗ ಆ ನಾಡಿಯ ಟಿಪ್ಪಣಿ, ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ರಿಪೋರ್ಟ್, ಈಗ ನುಂಗುತ್ತಿರುವ ಎಲ್ಲ ಗುಳಿಗೆಗಳ ಚೀಟಿ ಜೊತೆಗಿರಲಿ.