ಎಲೆಯಿಂದ ಎಣ್ಣೆ: ಒಂದು ಸಣ್ಣ ಬಟ್ಟಿಯ ಲೆಕ್ಕ



ಊಟಿಗೆ ಹೋದವರು ಅಂಗಡಿಗಳ ಮುಂದೆ ಸಾಲಾಗಿ ಜೋಡಿಸಿಟ್ಟ ಸಣ್ಣ ಸಣ್ಣ ಬಾಟಲಿಗಳನ್ನು ನೋಡೇ ಇರ್ತೀರಿ. ಅದು ನೀಲಗಿರಿ ಎಣ್ಣೆ. ಹೋಗದವರಿಗೂ ಅದರ ವಾಸನೆ ಗೊತ್ತು. ನೆಗಡಿ ಆದಾಗ ಮನೆಯಲ್ಲಿ ಅಜ್ಜಿ ಬಿಸಿನೀರಿಗೆ ಎರಡು ಹನಿ ಹಾಕಿ ಆವಿ ತಗೋ ಅಂದಿರ್ತಾರೆ. ಆ ಎಣ್ಣೆ ಗಾಣದಲ್ಲಿ ಅರೆದು ತೆಗೆದದ್ದಲ್ಲ, ಬಟ್ಟಿ ಇಳಿಸಿ ತೆಗೆದದ್ದು. ಪುಸ್ತಕದಲ್ಲಿ ನಾವು ಆಸವನ ಅಂತ ಓದುವುದು ಇದನ್ನೇ.

ಆಸ್ಟ್ರೇಲಿಯಾದ ಈ ಮರವನ್ನು ಇಂಗ್ಲಿಷರು 1843ರ ಹೊತ್ತಿಗೆ ನೀಲಗಿರಿ ಬೆಟ್ಟಕ್ಕೆ ತಂದು ನೆಟ್ಟರು. ಮುಂದೆ ಎಲೆಯಿಂದ ಎಣ್ಣೆ ಇಳಿಸುವ ಸಣ್ಣ ಸಣ್ಣ ಬಟ್ಟಿಗಳೂ ಎದ್ದವು. ವಯನಾಡು, ಇಡುಕ್ಕಿ ಕಡೆ ಇದೇ ರೀತಿ ಮಜ್ಜಿಗೆ ಹುಲ್ಲಿನ ಎಣ್ಣೆ ಇಳಿಸುತ್ತಿದ್ದರು. ಅದು ಹೊರದೇಶಗಳಲ್ಲಿ ಕೊಚ್ಚಿನ್ ಎಣ್ಣೆ ಅಂತ ಹೆಸರಾಗಿತ್ತು.

ನಾಳೆ ನಿಮ್ಮಲ್ಲೇ ಯಾರಾದರೂ ಇಂಥ ಸಣ್ಣ ಬಟ್ಟಿ ಹಾಕಬೇಕು ಅಂದುಕೊಂಡರೆ ಏನೇನು ತಿಳಿದಿರಬೇಕು? ಹಂತ ಹಂತವಾಗಿ ನೋಡೋಣ. ಇದರಲ್ಲಿ ನೀವು ತರಗತಿಯಲ್ಲಿ ಓದದೇ ಇರುವ ವಿಜ್ಞಾನ ತುಂಬಾ ಕಡಿಮೆ.

1. 176 ಡಿಗ್ರಿಯ ಎಣ್ಣೆ 100 ಡಿಗ್ರಿಯೊಳಗೆ ಬರುವುದು ಹೇಗೆ?

ನೀಲಗಿರಿ ಎಣ್ಣೆಯ ಮುಖ್ಯ ಭಾಗ ಸಿನಿಯೋಲ್ ಎಂಬ ಸಂಯುಕ್ತ. ಅದು ಒಂಟಿಯಾಗಿ ಕುದಿಯುವುದು ಸುಮಾರು 176 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಷ್ಟು ಬಿಸಿಗೆ ಎಲೆ ಸೀದು ಹೋಗುತ್ತದೆ. ಆದರೆ ಬಟ್ಟಿಯಲ್ಲಿ ಅಷ್ಟು ಬಿಸಿ ಬೇಕಾಗುವುದೇ ಇಲ್ಲ.

ಕಾರಣ ಇಷ್ಟೇ. ಒಂದಕ್ಕೊಂದು ಬೆರೆಯದ ಎರಡು ದ್ರವಗಳನ್ನು ಒಟ್ಟಿಗೆ ಕಾಯಿಸಿದಾಗ ಎರಡರ ಆವಿ ಒತ್ತಡವೂ ಕೂಡಿಕೊಳ್ಳುತ್ತದೆ. ಕೂಡಿದ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮ ಆದ ಕೂಡಲೇ ಕುದಿತ ಶುರು. ಒಬ್ಬರೇ ಎತ್ತಲಾಗದ ಮೂಟೆಗೆ ಇನ್ನೊಬ್ಬರು ಸ್ವಲ್ಪ ಕೈ ಜೋಡಿಸಿದರೂ ಅದು ಮೇಲೇಳುತ್ತದೆ ಅಲ್ವಾ, ಹಾಗೆ. ಹೆಚ್ಚಿನ ಭಾರ ನೀರಿನದು, ಸ್ವಲ್ಪ ಎಣ್ಣೆಯದು. ಹೀಗಾಗಿ ನೀರಿನ ಕುದಿಬಿಂದುವಿಗಿಂತ ತುಸು ಕೆಳಗೇ ಎರಡೂ ಒಟ್ಟಿಗೆ ಹೊರಡುತ್ತವೆ. ಇದಕ್ಕೆ ಹಬೆ ಆಸವನ ಅಂತ ಹೆಸರು.

ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ಅಲ್ಲಿಯ ಬಟ್ಟಿ ನಡೆಯುವುದು ಅದಕ್ಕಿಂತಲೂ ಸ್ವಲ್ಪ ಕಡಿಮೆ ಬಿಸಿಯಲ್ಲಿ.

2. ಬಟ್ಟಿಯ ಭಾಗಗಳು

ನಾಲ್ಕೇ ಭಾಗ: ಹಂಡೆ, ಮುಚ್ಚಳ ಮತ್ತು ಆವಿಯ ಕೊಳವೆ, ತಣಿಸುವ ತೊಟ್ಟಿ, ಎಣ್ಣೆ ಬೇರೆ ಮಾಡುವ ಪಾತ್ರೆ.

ಹಂಡೆಯ ತಳದಲ್ಲಿ ನೀರು, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಎಲೆ. ಜಾಲರಿ ಯಾಕೆ ಅಂದರೆ, ನೀರು ಬತ್ತಿದಾಗ ಎಲೆ ತಳಕ್ಕೆ ತಗುಲಿದರೆ ಎಣ್ಣೆಗೆ ಸುಟ್ಟ ವಾಸನೆ ಹಿಡಿಯುತ್ತದೆ. ಆಮೇಲೆ ಅದನ್ನು ಹೋಗಿಸೋದು ಕಷ್ಟ. ಕಬ್ಬಿಣದ ಹಂಡೆಯಾದರೆ ಎಣ್ಣೆಯ ಬಣ್ಣ ಕೆಡುತ್ತದೆ, ಅದಕ್ಕೆ ತಾಮ್ರ ಅಥವಾ ಸ್ಟೀಲ್ ಬಳಸುತ್ತಾರೆ. ಎಲೆಯನ್ನು ಒಂದೇ ಸಮನಾಗಿ ತುಂಬಬೇಕು. ಒಂದು ಕಡೆ ಸಡಿಲ ಬಿಟ್ಟರೆ ಹಬೆ ಅದೇ ದಾರಿ ಹಿಡಿದು ಹೋಗುತ್ತದೆ, ಮಿಕ್ಕ ಎಲೆ ಬೆಂದರೂ ಎಣ್ಣೆ ಬಿಡುವುದಿಲ್ಲ.

ಕೊನೆಯ ಪಾತ್ರೆಯದ್ದು ಜಾಣ ಉಪಾಯ. ನೀಲಗಿರಿ ಎಣ್ಣೆಯ ಸಾಂದ್ರತೆ ಒಂದು ಮಿಲಿಲೀಟರಿಗೆ ಸುಮಾರು 0.91 ಗ್ರಾಂ. ಅಂದರೆ ನೀರಿನ ಮೇಲೆ ತೇಲುತ್ತದೆ. ಪಾತ್ರೆಯ ತಳದಿಂದ ಒಂದು ಕೊಳವೆ ಹೊರಟು, ಮೇಲಕ್ಕೆ ಏರಿ ಬಾಗಿರುತ್ತದೆ. ತಳದ ನೀರು ಆ ಕೊಳವೆಯಿಂದ ತಾನಾಗೇ ಹೊರಗೆ ಹೋಗುತ್ತದೆ, ಎಣ್ಣೆ ಮೇಲೆ ನಿಲ್ಲುತ್ತದೆ. ಮೋಟಾರು ಬೇಡ, ಕರೆಂಟು ಬೇಡ.

3. ಮೊದಲು ಕಾಗದದ ಮೇಲೆ ಲೆಕ್ಕ

ಸಣ್ಣ ಬಟ್ಟಿ ಹಾಕುವವರು ಎಲೆ ಎಲ್ಲಿ ಸಿಗುತ್ತೆ ಅಂತ ಮೊದಲು ಕೇಳುತ್ತಾರೆ. ಕೇಳಬೇಕಾದ್ದೇ. ಆದರೆ ನೀರು ಎಲ್ಲಿ, ಸೌದೆ ಎಲ್ಲಿ ಅನ್ನುವುದೂ ಅಷ್ಟೇ ಮುಖ್ಯ. ಬನ್ನಿ, ಲೆಕ್ಕ ಹಾಕೋಣ.

ನೂರು ಕಿಲೋ ಎಲೆಗೆ ಸಿಗುವ ಎಣ್ಣೆ ಸುಮಾರು 1 ಕಿಲೋ. ಎಲೆಯ ವಯಸ್ಸು, ಮಳೆ, ಬಿಸಿಲು ನೋಡಿಕೊಂಡು ಹೆಚ್ಚು ಕಡಿಮೆ ಆಗುತ್ತದೆ. ಅಷ್ಟು ಎಣ್ಣೆ ತರಲು 40 ಕಿಲೋ ಹಬೆ ಬೇಕಾಯಿತು ಅಂತ ಇಟ್ಟುಕೊಳ್ಳಿ.

ಸೌದೆ: 20 ಡಿಗ್ರಿಯ 1 ಕಿಲೋ ನೀರು 100 ಡಿಗ್ರಿಗೆ ಕಾಯಲು 4.2 × 80, ಅಂದರೆ 336 ಕಿಲೋಜೂಲ್. ಅದು ಹಬೆಯಾಗಲು ಆವೀಕರಣದ ಗುಪ್ತೋಷ್ಣ 2,260 ಕಿಲೋಜೂಲ್. ಒಟ್ಟು ಸುಮಾರು 2,600. ನಲವತ್ತು ಕಿಲೋ ಹಬೆಗೆ 1,04,000 ಕಿಲೋಜೂಲ್. ಒಣಸೌದೆ 1 ಕಿಲೋಗೆ ಸುಮಾರು 15,000 ಕಿಲೋಜೂಲ್ ಕೊಡುತ್ತದೆ. ಆದರೆ ಒಲೆಯಲ್ಲಿ ಕಾಲು ಭಾಗ ಮಾತ್ರ ಹಂಡೆಗೆ ತಲುಪಿತು ಅಂದುಕೊಂಡರೆ ಉಪಯೋಗಕ್ಕೆ ಬಂದದ್ದು 3,750. ಭಾಗಿಸಿ ನೋಡಿ, ಸುಮಾರು 28 ಕಿಲೋ ಸೌದೆ. ಹಂಡೆ, ಎಲೆ ಬಿಸಿಯಾಗಲು ಬೇಕಾದ್ದು ಬೇರೆ.

ಒಂದು ಕಿಲೋ ಎಣ್ಣೆಗೆ 28 ಕಿಲೋ ಸೌದೆ! ಆ ಸೌದೆ ಶೋಲಾ ಕಾಡಿನಿಂದ ಬಂದರೆ, ಬಟ್ಟಿ ಬೆಟ್ಟವನ್ನೇ ತಿಂದ ಹಾಗೆ. ಇದಕ್ಕೆ ಪರಿಹಾರ ಹಂಡೆಯೊಳಗೇ ಇದೆ. ಎಣ್ಣೆ ಬಿಟ್ಟ ಎಲೆಯನ್ನು ಬಿಸಿಲಿಗೆ ಹರಡಿ ಒಣಗಿಸಿದರೆ ಅದೇ ಮುಂದಿನ ಸಲದ ಉರುವಲು. ಒಲೆಯ ಸುತ್ತ ಮಣ್ಣಿನ ಗೋಡೆ ಕಟ್ಟಿ ಶಾಖ ಹೊರಗೆ ಹೋಗದ ಹಾಗೆ ಮಾಡಿದರೆ ಇನ್ನೂ ಉಳಿತಾಯ.

ನೀರು: ಹಬೆ ತನ್ನ 2,260 ಕಿಲೋಜೂಲನ್ನು ತಣಿಸುವ ನೀರಿಗೆ ಕೊಟ್ಟೇ ಮತ್ತೆ ನೀರಾಗಬೇಕು. ತೊಟ್ಟಿಯ ನೀರು 15ರಿಂದ 45 ಡಿಗ್ರಿಗೆ ಏರಿತು ಅಂದರೆ ಪ್ರತಿ ಲೀಟರ್ ಹೀರಿಕೊಂಡದ್ದು 4.2 × 30 = 126. ಹಾಗಾದರೆ 1 ಕಿಲೋ ಹಬೆ ತಣಿಸಲು ಸುಮಾರು 18 ಲೀಟರ್, 40 ಕಿಲೋಗೆ 720 ಲೀಟರ್. ಬೇಸಿಗೆಯಲ್ಲಿ ಊರಿನ ಬಾವಿಯೇ ಬತ್ತಿರುವಾಗ ಇದನ್ನು ಚರಂಡಿಗೆ ಬಿಡುವುದು ಸರಿಯೇ? ದೊಡ್ಡ ತೊಟ್ಟಿ ಕಟ್ಟಿ, ಬಿಸಿಯಾದ ನೀರನ್ನು ಆರಿಸಿ ಮತ್ತೆ ಬಳಸುವ ಏರ್ಪಾಡು ಮೊದಲೇ ಇರಬೇಕು. ಹೀಗಾಗಿ ನೀರಿಲ್ಲದ ಜಾಗದಲ್ಲಿ ಎಷ್ಟು ಎಲೆ ಇದ್ದರೂ ಬಟ್ಟಿ ನಡೆಯುವುದಿಲ್ಲ.

4. ನಡೆಸುವಾಗ

ಉರಿ ನಿಧಾನ ಇರಲಿ. ಬರುವ ದ್ರವವನ್ನು ಕೈಯಲ್ಲಿ ಮುಟ್ಟಿದರೆ ಉಗುರು ಬೆಚ್ಚಗಿರಬೇಕು, ಸುಡಬಾರದು. ಸುಡುತ್ತಿದ್ದರೆ ತಣಿಯುವುದು ಸಾಲದು ಅಂತ ಅರ್ಥ. ಷೆಡ್ಡಿನ ತುಂಬ ಘಮಘಮ ವಾಸನೆ ಬಂದರೆ ಖುಷಿ ಪಡಬೇಡಿ. ನಿಮ್ಮ ಮೂಗಿಗೆ ಬಂದಷ್ಟೂ ಎಣ್ಣೆ ಬಾಟಲಿಗೆ ಹೋಗಲಿಲ್ಲ.

ಇನ್ನು ಅಪಾಯದ ಮಾತು. ಹಂಡೆಯಿಂದ ತೊಟ್ಟಿಗೆ ಹೋಗುವ ದಾರಿ ಯಾವತ್ತೂ ತೆರೆದಿರಬೇಕು. ಎಲೆಯ ಚೂರು ಕೊಳವೆಗೆ ಸಿಕ್ಕಿಕೊಂಡರೆ ಬಟ್ಟಿ ಬಾಂಬಿನ ಹಾಗೆ ಆಗುತ್ತದೆ. ಹಳೆಯ ಬಟ್ಟಿಗಳಲ್ಲಿ ಮುಚ್ಚಳದ ಸಂದಿಗೆ ಹಿಟ್ಟು ಅಥವಾ ಜೇಡಿಮಣ್ಣು ಮೆತ್ತುತ್ತಿದ್ದರು. ಒತ್ತಡ ಮಿತಿ ಮೀರಿದರೆ ಹಿಟ್ಟು ಬಿರಿದು ಹಬೆಗೆ ದಾರಿ ಸಿಗುತ್ತದೆ. ಅದನ್ನು ಬಿಟ್ಟು ಮುಚ್ಚಳಕ್ಕೆ ಬೋಲ್ಟ್ ಬಿಗಿಯುವುದಾದರೆ ಕುಕ್ಕರಿನಲ್ಲಿ ಇರುವಂತೆ ಸುರಕ್ಷಾ ಕವಾಟ ಇರಲೇಬೇಕು.

ಈ ಎಣ್ಣೆಯ ಆವಿ ಸುಮಾರು 48 ಡಿಗ್ರಿಗೇ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಅದಕ್ಕೇ ಎಣ್ಣೆ ಸಂಗ್ರಹಿಸುವ ಪಾತ್ರೆ ಒಲೆಯಿಂದ ದೂರ, ಸಾಧ್ಯವಾದರೆ ಗೋಡೆಯ ಆಚೆ ಇರಬೇಕು. ಇನ್ನೊಂದು: ಇದನ್ನು ಕುಡಿಯಬಾರದು. ಪುಟ್ಟ ಮಕ್ಕಳು ಸ್ವಲ್ಪ ನುಂಗಿದರೂ ಫಿಟ್ಸ್ ಬರಬಹುದು. ಮನೆಯಲ್ಲಿ ಬಾಟಲಿ ಇದ್ದರೆ ತಮ್ಮ ತಂಗಿಯರ ಕೈಗೆ ಸಿಗದ ಹಾಗೆ ಎತ್ತಿಡಿ.

5. ಮಾರುವಾಗ

ಕಲಬೆರಕೆ ಈ ವ್ಯಾಪಾರದ ದೊಡ್ಡ ರೋಗ. ನೀವೇ ಮಾಡಬಹುದಾದ ಎರಡು ಪರೀಕ್ಷೆ ಹೇಳ್ತೀನಿ. ಬಿಳಿ ಕಾಗದದ ಮೇಲೆ ಒಂದು ಹನಿ ಹಾಕಿ ಬಿಡಿ. ಶುದ್ಧ ಎಣ್ಣೆ ಆರಿಹೋಗುತ್ತದೆ, ಅಡುಗೆ ಎಣ್ಣೆ ಬೆರೆಸಿದ್ದರೆ ಜಿಡ್ಡಿನ ಕಲೆ ಉಳಿಯುತ್ತದೆ. ಎರಡನೆಯದು, ಸರಿಯಾಗಿ ಅಳೆದ 10 ಮಿಲಿಲೀಟರ್ ತೂಗಿ. 9.1 ಗ್ರಾಂ ಆಸುಪಾಸು ಬರಬೇಕು. ಸೀಮೆಎಣ್ಣೆ ಬೆರೆಸಿದ್ದರೆ ತೂಕ ಇಳಿಯುತ್ತದೆ. ಈ ಎರಡನ್ನು ದಾಟಿದ್ದೆಲ್ಲ ಶುದ್ಧ ಅಂತಲ್ಲ, ಪ್ರಯೋಗಾಲಯದ ಪರೀಕ್ಷೆ ಬೇಕಾಗುತ್ತದೆ. ಆದರೆ ದಾಟದಿದ್ದದ್ದನ್ನು ಧೈರ್ಯವಾಗಿ ಬೇಡ ಅನ್ನಬಹುದು.

ಅರಣ್ಯ ಇಲಾಖೆಯ ಜಾಗದ ಎಲೆಗೆ ಇಲಾಖೆಯ ಅನುಮತಿ ಬೇಕು. ಔಷಧಿ ಅಂತ ಚೀಟಿ ಅಂಟಿಸಿ ಮಾರುವುದಾದರೆ ಔಷಧ ಪರವಾನಗಿ ಬೇಕು. ಎಣ್ಣೆಯಲ್ಲಿ ಉಳಿದ ನೀರನ್ನು ಪೂರ್ತಿ ತೆಗೆದು, ಬಣ್ಣದ ಗಾಜಿನ ಬಾಟಲಿಯಲ್ಲಿ ಬಾಯಿವರೆಗೆ ತುಂಬಿ, ಬಿಸಿಲು ತಾಗದಂತೆ ಇಡಬೇಕು.

6. ಹೇಳಲೇಬೇಕಾದ ಒಂದು ಮಾತು

ಬಟ್ಟಿ ಅಂದ ಕೂಡಲೇ ನಿಮ್ಮಲ್ಲಿ ಕೆಲವರು ಮುಸಿಮುಸಿ ನಕ್ಕಿರ್ತೀರಿ, ನನಗೆ ಗೊತ್ತು. ಸಾರಾಯಿ ಇಳಿಸುವುದೂ ಇದೇ ಹಂಡೆ, ಇದೇ ಕೊಳವೆ. ಪರವಾನಗಿ ಇಲ್ಲದೆ ಅದನ್ನು ಇಳಿಸುವುದು ಅಪರಾಧ. ಅದಕ್ಕಿಂತ ದೊಡ್ಡ ಅಪಾಯ ಕಳ್ಳಸಾರಾಯಿಗೆ ಬೆರೆಸುವ ಮೆಥನಾಲ್. ಎಥನಾಲ್ 78 ಡಿಗ್ರಿಗೆ, ಮೆಥನಾಲ್ 65 ಡಿಗ್ರಿಗೆ ಕುದಿಯುತ್ತದೆ ಅಂತ ಪುಸ್ತಕದಲ್ಲಿದೆ, ಹಾಗಾದರೆ ಬೇರೆ ಮಾಡಬಹುದಲ್ಲ ಅಂತ ನೀವು ಕೇಳಬಹುದು. ಎರಡೂ ಒಂದರಲ್ಲೊಂದು ಪೂರ್ತಿ ಬೆರೆಯುವ ದ್ರವಗಳು. ಕಾಯಿಸಿದಾಗ ಆವಿಯಲ್ಲೂ ಎರಡೂ ಇರುತ್ತವೆ, ಸಾದಾ ಹಂಡೆಯಲ್ಲಿ ಚೆನ್ನಾಗಿ ಬೇರೆಯಾಗುವುದಿಲ್ಲ. ನೋಡಿದರೆ, ಮೂಸಿದರೆ ವ್ಯತ್ಯಾಸ ತಿಳಿಯುವುದೂ ಇಲ್ಲ. ಮೆಥನಾಲ್ ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣು ತೆಗೆಯುತ್ತದೆ, ಆಮೇಲೆ ಜೀವ. 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತದ್ದು ಇದರಿಂದಲೇ. ಸತ್ತವರಲ್ಲಿ ಹೆಚ್ಚಿನವರು ಕೂಲಿ ಮಾಡಿ ಬದುಕುವವರು. ನಮ್ಮ ಊರುಗಳಲ್ಲೂ ಇಂಥದ್ದು ಕಂಡರೆ ಸುಮ್ಮನಿರಬೇಡಿ, ಮನೆಯಲ್ಲಿ ಹೇಳಿ, ಶಾಲೆಯಲ್ಲಿ ಹೇಳಿ. ಕುಡಿದವರಿಗೆ ಕಣ್ಣು ಮಂಜಾಯಿತು ಅಂದರೆ ನಿದ್ದೆ ಮಾಡಲಿ ಅಂತ ಬಿಡದೆ ತಕ್ಷಣ ಆಸ್ಪತ್ರೆಗೆ ಸೇರಿಸಬೇಕು.

ಮಾಡಿ ನೋಡಿ (ದೊಡ್ಡವರ ಜೊತೆ ಮಾತ್ರ)

ಅಗಲ ಪಾತ್ರೆಯಲ್ಲಿ ಎರಡು ಲೋಟ ನೀರು, ಒಂದು ಹಿಡಿ ಪುದೀನ ಅಥವಾ ಮಜ್ಜಿಗೆ ಹುಲ್ಲು ಹಾಕಿ. ನಡುವೆ ಒಂದು ಕಲ್ಲಿಟ್ಟು ಅದರ ಮೇಲೆ ಖಾಲಿ ಬಟ್ಟಲು ಇಡಿ. ಮೇಲೆ ಮುಚ್ಚಳವನ್ನು ತಲೆಕೆಳಗಾಗಿ ಸಡಿಲವಾಗಿ ಇಟ್ಟು, ಅದರಲ್ಲಿ ತಣ್ಣೀರು ತುಂಬಿ. ಸಣ್ಣ ಉರಿಯಲ್ಲಿ 20 ನಿಮಿಷ ಕಾಯಿಸಿ, ಒಲೆ ಆರಿಸಿ, ಪೂರ್ತಿ ಆರಿದ ಮೇಲೆ ತೆಗೆಯಿರಿ. ಬಟ್ಟಲಲ್ಲಿ ಪರಿಮಳದ ನೀರು ಸಿಗುತ್ತದೆ. ಕುಕ್ಕರ್ ಮಾತ್ರ ಬಳಸಬೇಡಿ.

ಲೆಕ್ಕ: ಒಲೆ ಸುಧಾರಿಸಿ ಸೌದೆಯ ಶಾಖದಲ್ಲಿ ಕಾಲು ಭಾಗದ ಬದಲು ಅರ್ಧ ಭಾಗ ಹಂಡೆಗೆ ತಲುಪುವಂತೆ ಮಾಡಿದರೆ 28 ಕಿಲೋ ಸೌದೆ ಎಷ್ಟಕ್ಕೆ ಇಳಿಯುತ್ತದೆ? ನಿಮ್ಮ ಊರಿನ ಸೌದೆ ಬೆಲೆ ಕೇಳಿಕೊಂಡು ಉಳಿತಾಯ ಎಷ್ಟು ಅಂತ ಬರೆದು, ನಿಮ್ಮ ವಿಜ್ಞಾನ ಟೀಚರಿಗೆ ತೋರಿಸಿ.