ಪಿಸಿ ಪೋರ್ಟಿಗೆ 30 ಸೆಕೆಂಡ್ ಕಾಯೋದು ಯಾಕೆ?

ಕೇಬಲ್ ಚುಚ್ಚಿದ್ರಿ. ಸ್ವಿಚ್ ಪೋರ್ಟಿನ ದೀಪ ಕಿತ್ತಳೆ ಬಣ್ಣದಲ್ಲೇ ನಿಂತಿದೆ, ಪಿಸಿಯಲ್ಲಿ 169.254ರಿಂದ ಶುರುವಾಗೋ ಐಪಿ ಬಂದು ಕೂತಿದೆ. ಡಿಎಚ್‌ಸಿಪಿ ಸರ್ವರನ್ನ ಬೈಯೋ ಮೊದಲು ಸ್ಪ್ಯಾನಿಂಗ್ ಟ್ರೀ ನೋಡಿ.

ನೆಟ್‌ವರ್ಕಲ್ಲಿ ಲೂಪ್ ಆಗದಂತೆ ಕಾಯೋದು ಇದರ ಕೆಲಸ. ಹಳೇ 802.1ಡಿ ಪದ್ಧತಿಯಲ್ಲಿ ಪೋರ್ಟ್ 15 ಸೆಕೆಂಡ್ ಲಿಸನಿಂಗ್, ಮತ್ತೆ 15 ಸೆಕೆಂಡ್ ಲರ್ನಿಂಗ್ ಮುಗಿಸಿದ ಮೇಲೇನೇ ಡೇಟಾ ಬಿಡುತ್ತೆ. ಆ ಕಡೆ ಸ್ವಿಚ್ ಇದ್ರೆ ಸರಿ, ಬಡಪಾಯಿ ಪ್ರಿಂಟರಿಗೆ ಯಾಕಪ್ಪಾ ಇಷ್ಟು ತನಿಖೆ?

ಸಿಸ್ಕೋ ಸ್ವಿಚ್ ಆದ್ರೆ ಆ ಇಂಟರ್‌ಫೇಸಿಗೆ ಹೋಗಿ ‘ಸ್ಪ್ಯಾನಿಂಗ್-ಟ್ರೀ ಪೋರ್ಟ್‌ಫಾಸ್ಟ್’ ಕೊಡಿ. ಪೋರ್ಟ್ ತಕ್ಷಣ ಫಾರ್ವರ್ಡಿಂಗ್‌ಗೆ ಹೋಗುತ್ತೆ.

ಇಷ್ಟಕ್ಕೇ ಎದ್ದು ಹೋದ್ರೆ ಅರ್ಧ ಕೆಲಸ. ನಾಳೆ ಯಾರೋ ಮೇಜಿನ ಕೆಳಗೆ ಪುಟ್ಟ ಸ್ವಿಚ್ ಇಟ್ಟು, ಒಂದೇ ಕೇಬಲಿನ ಎರಡೂ ತುದಿ ಅದಕ್ಕೇ ಚುಚ್ಚಿಬಿಡ್ತಾರೆ. ಜನ ಮಾಡ್ತಾರೆ ರೀ! ಅದಕ್ಕೇ ಜೊತೆಗೆ ‘ಸ್ಪ್ಯಾನಿಂಗ್-ಟ್ರೀ ಬಿಪಿಡಿಯುಗಾರ್ಡ್ ಎನೇಬಲ್’ ಹಾಕಿ. ಸ್ವಿಚ್‌ಗಳು ಮಾತ್ರ ಕಳಿಸೋ ಬಿಪಿಡಿಯು ಆ ಪೋರ್ಟಿಗೆ ಬಂತೋ, ಪೋರ್ಟ್ ಎರರ್-ಡಿಸೇಬಲ್. ಮೊದಲು ಲೂಪ್ ಬಿಡಿಸಿ, ಆಮೇಲೆ ‘ಶಟ್‌ಡೌನ್’, ‘ನೋ ಶಟ್‌ಡೌನ್’.

ಸ್ವಿಚ್‌ಗಳ ನಡುವಿನ ಟ್ರಂಕ್ ಪೋರ್ಟಿಗೆ ಮಾತ್ರ ಇವೆರಡನ್ನೂ ಹಾಕಬೇಡಿ.